ಅಪ್ಪನ ಡಿಟಿಪಿ ಅಂಗಡಿ ಸಿಸ್ಟಮಲ್ಲಿ ಗೇಮ್ ಆಡ್ಬೇಕು, 15 ಸಾವಿರದೊಳಗೆ ಏನ್ ಹಾಕಿಸ್ಲಿ?

ದಾವಣಗೆರೆ_ಹುಡುಗ
ಎಲ್ರಿಗೂ ನಮಸ್ಕಾರ. ನಮ್ಮಪ್ಪಂದು ದಾವಣಗೆರೆಲಿ ಸಣ್ಣದೊಂದು ಡಿಟಿಪಿ, ಜೆರಾಕ್ಸ್ ಅಂಗಡಿ ಐತೆ, ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಕರಪತ್ರ ಎಲ್ಲಾ ನುಡಿ ಮತ್ತೆ ಪೇಜ್‌ಮೇಕರಲ್ಲೇ ಮಾಡ್ತಾರೆ, ಅದಕ್ಕಂತ 2014ರ ಜನವರಿಲಿ ಅಸೆಂಬಲ್ ಮಾಡ್ಸಿದ ಸಿಸ್ಟಮ್ ಇದು. ಐ5-4440 ಪ್ರೊಸೆಸರ್, 4 ಜಿಬಿ ರ್‍ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ಗ್ರಾಫಿಕ್ಸ್ ಕಾರ್ಡ್ ಇಲ್ಲ, 19 ಇಂಚಿನ ಹಳೇ ಮಾನಿಟರ್ 1366x768, ವಿಂಡೋಸ್ 10. ನಾನು ಬಿಕಾಂ ಎರಡನೇ ವರ್ಷ, ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೆ ಸಿಸ್ಟಮ್ ಮನೆಗೆ ತರ್ತೀವಿ, ಆವಾಗ ಜಿಟಿಎ 5, ವ್ಯಾಲರಂಟ್, ಸಿಎಸ್2 (ಕೌಂಟರ್ ಸ್ಟ್ರೈಕ್ 2) ಆಡ್ಬೇಕು ಅಂತ ಆಸೆ. ಈಗ ವ್ಯಾಲರಂಟ್ ಓಪನ್ ಆಗತ್ತೆ ಆದ್ರೆ ಎದುರಿಗೆ ಜನ ಬಂದ್ರೆ ಸ್ಕ್ರೀನ್ ನಿಂತ್ಕೊಂಡ್ಬಿಡತ್ತೆ. ಟ್ಯೂಷನ್ ಹೇಳಿ 15 ಸಾವಿರ ಕೂಡಿಟ್ಟಿದೀನಿ. ಇಲ್ಲಿ ಅಂಗಡಿಯವ್ರು ಒಬ್ರು ಒಂದು ಗ್ರಾಫಿಕ್ಸ್ ಕಾರ್ಡ್ ಹಾಕ್ಬಿಡಿ ಸಾಕು ಅಂದ್ರು. ಒಂದೇ ಮಾತು, ಏನೇ ಮಾಡಿದ್ರೂ ಅಪ್ಪನ ಕೆಲಸ ಒಂದ್ ದಿನಾನೂ ನಿಲ್ಲಬಾರದು, ಈಗ ಲಗ್ನದ ಸೀಜನ್ನು.

ರಾತ್ರಿ_ಪಾಳಿ
ನೇರವಾಗಿ ಹೇಳ್ತೀನಿ ಬೇಜಾರ್ ಮಾಡ್ಕೋಬೇಡ ಮಗಾ, ನಿನ್ನ ಐ5 ನಾಲ್ಕನೇ ಜನರೇಶನ್ ಪ್ರೊಸೆಸರ್, ಅಷ್ಟು ಹಳೇದಕ್ಕೆ ದುಡ್ಡು ಸುರೀಬೇಡ. ಇನ್ನೊಂದು ಹತ್ತು ಹದಿನೈದು ಸಾವಿರ ಸೇರಿಸಿ ರೈಜನ್ 5 5600 ಪ್ರೊಸೆಸರ್ ಮತ್ತೆ ಬಿ450 ಬೋರ್ಡ್ ತಗೊ, ಐದು ವರ್ಷ ತಿರುಗಿ ನೋಡೋ ಹಾಗಿಲ್ಲ. ಹಳೇದಕ್ಕೆ ಹಾಕಿದ ದುಡ್ಡು ವಾಪಸ್ ಬರಲ್ಲ.

ದಾವಣಗೆರೆ_ಹುಡುಗ
ಅಣ್ಣ ಅಷ್ಟಾಗಲ್ಲ, ಅಪ್ಪಂಗೆ ಕೇಳೋಕೂ ಮನಸ್ಸಿಲ್ಲ. 15ರೊಳಗೇ ಆಗ್ಬೇಕು.

ಹುಬ್ಬಳ್ಳಿ_ರಿಪೇರಿ
ತಮ್ಮಾ, ಮೊದ್ಲ ಏನೂ ಖರೀದಿ ಮಾಡಬ್ಯಾಡ. ನಾ ಹದಿನಾಲ್ಕು ವರ್ಷದಿಂದ ಸಿಸ್ಟಮ್ ರಿಪೇರಿ ಮಾಡಾಕತ್ತೀನಿ, "ಒಂದು ಕಾರ್ಡ್ ಹಾಕ್ರಿ ಸಾಕು" ಅನ್ನೋ ಮಾತು ಕೇಳಿ ಹಾಕಿಸ್ಕೊಂಡು ಎರಡ ತಿಂಗಳಿಗೆ ಬೋರ್ಡ್ ಸುಟ್ಟು ತಂದವ್ರನ್ನ ಭಾಳ ನೋಡೀನಿ. ಅದರಾಗ ಇದು ಮನಿ ಊಟದ ಸಿಸ್ಟಮ್. ಕ್ಯಾಬಿನೆಟ್ ಬಿಚ್ಚು, ನಾಲ್ಕು ವಿಷಯ ನೋಡಿ ಬರಿ. ಮದರ್‌ಬೋರ್ಡಿನ ಚಿಪ್‌ಸೆಟ್, ಅಂದ್ರ ಅದರ ಮುಖ್ಯ ಚಿಪ್, ಯಾವ್ದು, ಎಚ್81 ಏನು ಬಿ85 ಏನು. ರ್‍ಯಾಮ್ ಎಷ್ಟು ಕಡ್ಡಿ ಐತಿ, ಸ್ಲಾಟ್ ಎಷ್ಟು ಖಾಲಿ ಅದಾವ. ಎಸ್‌ಎಂಪಿಎಸ್, ಅಂದ್ರ ಸಿಸ್ಟಮಿಗೆ ಕರೆಂಟ್ ಕೊಡೋ ಡಬ್ಬಿ, ಅದರ ಮ್ಯಾಲಿನ ಸ್ಟಿಕ್ಕರ್‌ನಾಗ +12ವಿ ಅಂತ ಇರೋ ಕಡೆ ಎಷ್ಟು ಆಂಪ್ಸ್ ಅಂತ ಬರದಾರ. ಮತ್ತ ಗೇಮ್ ಆಡೋ ಮುಂದ ಪ್ರೊಸೆಸರ್ ಎಷ್ಟು ಬಿಸಿ ಆಗ್ತದ, ಎಚ್‌ಡಬ್ಲ್ಯೂಇನ್ಫೋ ಅಂತ ಸಾಫ್ಟ್‌ವೇರ್ ಫ್ರೀ ಐತಿ, ಅದರಾಗ ನೋಡು. ಇದಕ್ಕ ಒಂದ ರೂಪಾಯಿ ಖರ್ಚಿಲ್ಲ.

ಇನ್ನೊಂದು, ಬಿಚ್ಚೋಕಿಂತ ಮೊದ್ಲ ಅಪ್ಪಾರ ಫೈಲ್ ಎಲ್ಲಾ ಪೆನ್‌ಡ್ರೈವಿಗೆ ಹಾಕ್ಕೋ. ಪೇಜ್‌ಮೇಕರ್ ಫೈಲ್ ಅಷ್ಟ ಅಲ್ಲ, ನುಡಿ ಫಾಂಟ್ ಫೋಲ್ಡರ್ ಸೈತ. ಫಾಂಟ್ ಇಲ್ಲದ ಹಳೇ ಫೈಲ್ ಓಪನ್ ಮಾಡಿದ್ರ ಕನ್ನಡ ಹೋಗಿ ಬರೀ ಇಂಗ್ಲಿಷ್ ಅಕ್ಷರದ ರಾಶಿ ಕಾಣ್ತದ.

ಕುಡ್ಲ_ಗೇಮರ್
ಹೌದು, ಆದ್ರೆ ನನ್ನ ಒಂದು ಸಲಹೆ ಉಂಟು. ಸೆಕೆಂಡ್ ಹ್ಯಾಂಡ್ ತಲೆನೋವು ಎಲ್ಲ ಬೇಡ ಮಾರಾಯ್ರೆ, ಹೊಸ ಆರ್‌ಎಕ್ಸ್ 6400 ಗ್ರಾಫಿಕ್ಸ್ ಕಾರ್ಡ್ ಸಿಗ್ತದೆ, 53 ವಾಟ್ ಮಾತ್ರ, ಬೇರೆ ಪವರ್ ಕೇಬಲ್ಲೂ ಬೇಡ, ವಾರಂಟಿ ಸಹ ಉಂಟು. ನನ್ನ ತಮ್ಮನ ಸಿಸ್ಟಮಿಗೆ ಅದನ್ನೇ ಹಾಕಿದ್ದು, ಒಳ್ಳೆ ಓಡ್ತದೆ.

ಹುಬ್ಬಳ್ಳಿ_ರಿಪೇರಿ
ಕಾರ್ಡ್ ಛಲೋ ಐತ್ರಿ, ಆದ್ರ ಈ ಸಿಸ್ಟಮಿಗೆ ಆಗಂಗಿಲ್ಲ, ಯಾಕಂತ ಹೇಳ್ತೀನಿ. ಆ 6400ಕ್ಕ ಇರೋದು ಬರೀ ನಾಲ್ಕು ಲೇನ್, ಲೇನ್ ಅಂದ್ರ ಬೋರ್ಡಿಗೂ ಕಾರ್ಡಿಗೂ ನಡುವ ಡೇಟಾ ಓಡಾಡೋ ದಾರಿ. ನಿಮ್ಮ ತಮ್ಮನ ಬೋರ್ಡ್ ಹೊಸದಿರಬೇಕು, ಕಾರ್ಡ್ ಹಚ್ಚೋ ಸ್ಲಾಟ್ ಪಿಸಿಐಇ 4.0 ಪೀಳಿಗಿದು. ಅದರಾಗ ನಾಲ್ಕು ಲೇನ್ ಅಂದ್ರ ಸೆಕೆಂಡಿಗೆ ಹತ್ರಹತ್ರ 8 ಜಿಬಿ ಹೋಗ್ತದ. 3.0 ಆದ್ರ 4 ಜಿಬಿ. 2014ರಾಗ ಅಸೆಂಬಲ್ ಮಾಡಿದ ಕಡಿಮಿ ರೇಟಿನ ಬೋರ್ಡು ಅಂದ್ರ ಎಚ್81 ಇರೋ ಛಾನ್ಸ್ ಜಾಸ್ತಿ, ಎಚ್81 ಒಳಗ ದೊಡ್ಡ ಸ್ಲಾಟ್ ಸೈತ 2.0ನ ಇರೋದು, ಪ್ರೊಸೆಸರಿಗೆ 3.0 ತಾಕತ್ ಇದ್ರೂ ಬೋರ್ಡ್ ಬಿಡಂಗಿಲ್ಲ. ಅಲ್ಲಿ ನಾಲ್ಕು ಲೇನ್ ಅಂದ್ರ 2 ಜಿಬಿ ಅಷ್ಟ. ಕಾರ್ಡಿನ ಮೆಮೊರಿ ಬ್ಯಾರೆ 4 ಜಿಬಿ, ಅದು ತುಂಬಿ ಸಿಸ್ಟಮ್ ರ್‍ಯಾಮಿಗೆ ಹೋಗಿ ಬರೋದು ಶುರು ಆತಂದ್ರ ಆ ಸಣ್ಣ ದಾರಿಯೊಳಗ ಸಿಕ್ಕೊಂಡು ಗೇಮ್ ಜರ್ಕ್ ಹೊಡಿತದ. 6500 ಎಕ್ಸ್‌ಟಿ ಕಥಿನೂ ಇದ. ಹಳೇ ಬೋರ್ಡಿಗೆ ಹದಿನಾರು ಲೇನ್ ಇರೋ ಹಳೇ ಕಾರ್ಡ್ ಬೇಕು, ಆವಾಗ 2.0 ಇದ್ರೂ 8 ಜಿಬಿ ಸಿಗ್ತದ.

ಕುಡ್ಲ_ಗೇಮರ್
ಓ ಹಾಗಾ, ಇದು ನನಗೆ ಗೊತ್ತೇ ಇರ್ಲಿಲ್ಲ. ತಮ್ಮನದ್ದು ಹೊಸ ಬೋರ್ಡೇ, ಹೌದು. ಹಾಗಾದ್ರೆ ನಾನು ಹೇಳಿದ್ದನ್ನು ಬಿಟ್ಟುಬಿಡಿ.

ದಾವಣಗೆರೆ_ಹುಡುಗ
ಬಿಚ್ಚಿ ನೋಡಿದೆ ಅಣ್ಣ. ಎಚ್81 ಅಂತಲೇ ಐತೆ ಬೋರ್ಡ್ ಮೇಲೆ. ರ್‍ಯಾಮ್ ಒಂದೇ ಕಡ್ಡಿ 4 ಜಿಬಿ ಡಿಡಿಆರ್3, ಇನ್ನೊಂದು ಸ್ಲಾಟ್ ಖಾಲಿ. ಎಸ್‌ಎಂಪಿಎಸ್ ಮೇಲೆ ದೊಡ್ಡದಾಗಿ 450 ಅಂತ ಐತೆ, ಒಳಗೆ ಸಣ್ಣಕ್ಷರದಲ್ಲಿ +12ವಿ 16ಎ ಅಂತ ಐತೆ. ವ್ಯಾಲರಂಟ್ ಆಡುವಾಗ ಪ್ರೊಸೆಸರ್ 91 ಡಿಗ್ರಿ ತೋರಿಸ್ತು. ಹೀಟ್‌ಸಿಂಕ್ ಒಳಗೆ ಜೆರಾಕ್ಸ್ ಟೋನರ್ ಪುಡಿ, ಧೂಳು ಸೇರ್ಕೊಂಡು ಕಂಬಳಿ ಥರ ಆಗ್ಬಿಟ್ಟೈತೆ, ಹನ್ನೊಂದು ವರ್ಷದಿಂದ ಯಾರೂ ತೆಗ್ದಿಲ್ಲ.

ಹುಬ್ಬಳ್ಳಿ_ರಿಪೇರಿ
ನೋಡು, ಲೆಕ್ಕ ಇಲ್ಲೇ ಐತಿ. 12 ವೋಲ್ಟ್ ಗುಣಿಸು 16 ಆಂಪ್ಸ್ ಅಂದ್ರ 192 ವಾಟ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಕುಡಿಯೋದು 12 ವೋಲ್ಟ್ ಲೈನಿನಿಂದನ. ನಿನ್ನ ಪ್ರೊಸೆಸರ್ 84 ವಾಟಿಂದು, 75 ವಾಟಿನ ಕಾರ್ಡ್ ಹಾಕಿದ್ರ ಅಲ್ಲಿಗೇ 159 ಆತು, ಫ್ಯಾನು ಹಾರ್ಡ್ ಡಿಸ್ಕ್ ಬ್ಯಾರೆ, ಹನ್ನೊಂದು ವರ್ಷದಾಗ ಕೆಪಾಸಿಟರ್ ಒಣಗಿರ್ತಾವ. ಹಂಗಾಗಿ ಬರಿಯೋ ಪಟ್ಟಿಯೊಳಗ ಮೊದಲನೇ ಹೆಸರು ಹೊಸ ಎಸ್‌ಎಂಪಿಎಸ್. ಸೆಕೆಂಡ್ ಹ್ಯಾಂಡ್ ಬ್ಯಾಡ, ಇದೊಂದು ಹೊಸದ ಇರ್ಲಿ. 450 ವಾಟ್, 80 ಪ್ಲಸ್ ಬ್ರಾಂಜ್ (ಕರೆಂಟ್ ಪೋಲು ಕಡಿಮಿ ಅನ್ನೋ ಗುರುತು), 12 ವೋಲ್ಟಿನೊಳಗ 30 ಆಂಪ್ಸಿಗಿಂತ ಕಡಿಮಿ ಇರಬಾರದು. ಮುಂದ ಯಾವ ಸಿಸ್ಟಮ್ ಮಾಡಿದ್ರೂ ಇದು ಜೊತಿಗೆ ಬರ್ತದ, ದುಡ್ಡು ವಾಪಸ್ ಬರಲ್ಲ ಅನ್ನೋ ಮಾತು ಇದಕ್ಕ ಹತ್ತಂಗಿಲ್ಲ.

ಮಲೆನಾಡ_ಮಳೆ
ರಿಪೇರಿ ಅಣ್ಣ ಹೇಳಿದ್ದು ಪೂರ್ತಿ ಒಪ್ತೀನಿ, ಅದ್ರ ಜೊತೆ ನಂದೊಂದು. ಕಾರ್ಡ್ ತಗೊಳ್ಳೋಕೆ ಮುಂಚೆ ಎರಡು ಕೆಲಸ ಮಾಡು, ಸಾವಿರ ರೂಪಾಯಿ ಒಳಗೆ ಮುಗಿಯತ್ತೆ. ಒಂದು, ಹೀಟ್‌ಸಿಂಕ್ ಬಿಚ್ಚಿ ಬ್ಲೋವರಲ್ಲಿ ಊದಿ, ಪ್ರೊಸೆಸರ್ ಮೇಲಿರೋ ಹಳೇ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚು, ಕಡಲೆಕಾಳಿನಷ್ಟು ಸಾಕು. ಊದುವಾಗ ಫ್ಯಾನಿನ ರೆಕ್ಕೆ ಬೆರಳಲ್ಲಿ ಹಿಡ್ಕೊ, ಜೋರಾಗಿ ತಿರುಗಿದ್ರೆ ಬೇರಿಂಗ್ ಹಾಳಾಗತ್ತೆ. ಟೋನರ್ ಪುಡಿ ಅಂದ್ಯಲ್ಲ, ಮೂಗಿಗೆ ಬಟ್ಟೆ ಕಟ್ಕೊಂಡು ಮನೆ ಹೊರಗೆ ಮಾಡು, ಅದು ಶ್ವಾಸಕ್ಕೆ ಒಳ್ಳೇದಲ್ಲ.

ಎರಡನೇದು ರ್‍ಯಾಮ್. ಈಗ ಒಂದೇ ಕಡ್ಡಿ ಇರೋದ್ರಿಂದ ಸಿಂಗಲ್ ಚಾನಲಲ್ಲಿ ಓಡ್ತಿದೆ. ಡಿಡಿಆರ್3 1600 ಒಂದು ಚಾನಲಿಗೆ ಸೆಕೆಂಡಿಗೆ 12.8 ಜಿಬಿ, ಎರಡೂ ಸ್ಲಾಟ್ ತುಂಬಿದ್ರೆ 25.6. ನಿಂಗೆ ಈಗ ಕಾರ್ಡ್ ಇಲ್ಲ, ಪ್ರೊಸೆಸರ್ ಒಳಗಿರೋ ಗ್ರಾಫಿಕ್ಸೇ ಗೇಮ್ ಓಡಿಸ್ತಿರೋದು, ಅದಕ್ಕೆ ಸ್ವಂತ ಮೆಮೊರಿ ಇಲ್ಲ, ಇದೇ ರ್‍ಯಾಮನ್ನೇ ಹಂಚ್ಕೊಳ್ಳತ್ತೆ. ಸೆಕೆಂಡ್ ಹ್ಯಾಂಡ್ 8 ಜಿಬಿ ಕಡ್ಡಿ ಎಂಟ್ನೂರು ಒಂಬೈನೂರಕ್ಕೆ ಸಿಗತ್ತೆ. ಹೊಸ ರ್‍ಯಾಮ್ ರೇಟು ಆಕಾಶಕ್ಕೆ ಹೋಗಿರೋ ಈ ಟೈಮಲ್ಲಿ ಡಿಡಿಆರ್3 ಇನ್ನೂ ಕೈಗೆ ಸಿಗೋ ಹಾಗಿದೆ. ಹಾಕಿ, ಎಫ್‌ಪಿಎಸ್, ಅಂದ್ರೆ ಸೆಕೆಂಡಿಗೆ ಎಷ್ಟು ಫ್ರೇಮ್ ಬರತ್ತೆ ಅಂತ ಬರ್ದಿಟ್ಕೊ.

ದಾವಣಗೆರೆ_ಹುಡುಗ
ಭಾನುವಾರ ಮಾಡಿದೆ. ಅಂಗಳದಲ್ಲಿ ಕೂತು ಊದಿದ್ರೆ ಕಪ್ಪು ಹೊಗೆ ಬಂದಂಗೆ ಬಂತು. ಪೇಸ್ಟ್ 120, ರ್‍ಯಾಮ್ 8 ಜಿಬಿ 850, ಒಟ್ಟು 970. ಈಗ 12 ಜಿಬಿ ಆಯ್ತು. 91 ಡಿಗ್ರಿ ಇದ್ದಿದ್ದು 67ಕ್ಕೆ ಇಳೀತು. ವ್ಯಾಲರಂಟ್ ಎಲ್ಲಾ ಲೋ ಇಟ್ಟು 38 ಬರ್ತಿತ್ತು, ಈಗ 62, ಮುಖ್ಯ ಅಂದ್ರೆ ನಿಂತ್ಕೊಳ್ಳೋದು ಹೋಯ್ತು. ಸಾವಿರ ರೂಪಾಯಿಗೆ ಇಷ್ಟಾಗತ್ತೆ ಅಂತ ಅಂದ್ಕೊಂಡೇ ಇರ್ಲಿಲ್ಲ, ಇಬ್ರಿಗೂ ತುಂಬಾ ಥ್ಯಾಂಕ್ಸ್ ಅಣ್ಣ. ಅಪ್ಪನೂ ಫೋಟೋ ಜಾಸ್ತಿ ಇರೋ ಬ್ಯಾನರ್ ಫೈಲ್ ಬೇಗ ಓಪನ್ ಆಗ್ತೈತೆ ಅಂದ್ರು. ಜಿಟಿಎ ಮಾತ್ರ ಇನ್ನೂ 28, 30.

ರಾತ್ರಿ_ಪಾಳಿ
ಒಪ್ಕೊಂಡೆ, ನಾನು ಅವಸರ ಮಾಡ್ದೆ. ಈಗ ಕಾರ್ಡ್ ವಿಷ್ಯ. ಆರ್‌ಎಕ್ಸ್ 580 8 ಜಿಬಿ ಸೆಕೆಂಡ್ ಹ್ಯಾಂಡ್ ಆರು ಸಾವಿರದ ಹತ್ರ ಸಿಗತ್ತೆ, ಹದಿನಾರು ಲೇನೂ ಇದೆ. ಎಲ್ರೂ ಹೇಳೋ ಎನ್‌ವಿಡಿಯಾ ಜಿಟಿಎಕ್ಸ್ 1650ಗಿಂತ ಒಳ್ಳೆ ಪವರ್ ಇರೋ ಕಾರ್ಡು. ಯಾಕೆ ಅದು ಬೇಡ?

ಮಲೆನಾಡ_ಮಳೆ
ಕಾರ್ಡ್ ಒಳ್ಳೇದೇ, ಇವನಿಗೆ ಮಾತ್ರ ಬೇಡ ಅನ್ಸತ್ತೆ. 580 ಒಂದೇ 185 ವಾಟ್ ಕುಡಿಯತ್ತೆ, ಇವನ ಮಾನಿಟರ್ 1366x768. ಆ ರೆಸಲ್ಯೂಶನ್ನಲ್ಲಿ ಕಾರ್ಡಿಗೆ ಕೆಲಸಾನೇ ಕಮ್ಮಿ, ಪ್ರೊಸೆಸರೇ ಮೊದಲು ಸುಸ್ತಾಗೋದು. ಐ5-4440ಗೆ ನಾಲ್ಕು ಕೋರ್, ನಾಲ್ಕೇ ಥ್ರೆಡ್. ಕಾರ್ಡ್ ಅರ್ಧ ಮಲಗಿರತ್ತೆ, ಪ್ರೊಸೆಸರ್ 100ಕ್ಕೆ ನಿಂತಿರತ್ತೆ. ಅದೂ ಅಲ್ದೆ ಮೈನಿಂಗಲ್ಲಿ, ಅಂದ್ರೆ ಕ್ರಿಪ್ಟೋ ನಾಣ್ಯ ಗಳಿಸೋ ಕೆಲಸದಲ್ಲಿ, ಹೆಚ್ಚು ದುಡಿದಿದ್ದು ಈ 570, 580 ಕಾರ್ಡುಗಳೇ, 2022ರ ಸೆಪ್ಟೆಂಬರಲ್ಲಿ ಇಥೀರಿಯಂ ಮೈನಿಂಗ್ ನಿಂತ ಮೇಲೆ ರಾಶಿ ರಾಶಿ ಮಾರ್ಕೆಟಿಗೆ ಬಂದ್ವು. ಹಗಲು ರಾತ್ರಿ ಓಡಿದ ಫ್ಯಾನು, ಒಣಗಿದ ಪ್ಯಾಡು, ಗೊತ್ತಿರೋರು ಜೊತೆಗಿಲ್ದೆ ತಗೋಬಾರ್ದು.

ಡ್ರೈವರ್ ವಿಷ್ಯನೂ ನೋಡ್ಬೇಕು. ಎನ್‌ವಿಡಿಯಾ 10 ಸೀರೀಸಿಗೆ, ಅಂದ್ರೆ 1050 ಟಿಐ, 1060 ಇವಕ್ಕೆಲ್ಲ 2025ರ ಅಕ್ಟೋಬರಿಗೆ ಹೊಸ ಗೇಮಿನ ಡ್ರೈವರ್ ಕೊಡೋದು ನಿಲ್ಲಿಸ್ತು, ಇನ್ನು 2028ರ ತನಕ ಬರೀ ಸೆಕ್ಯುರಿಟಿ ಅಪ್‌ಡೇಟ್. 1650 ಅದರ ಮುಂದಿನ ಪೀಳಿಗೆ, ಟ್ಯೂರಿಂಗು, ಅದಕ್ಕಿನ್ನೂ ಬರ್ತಿದೆ. 75 ವಾಟು, ಹದಿನಾರು ಲೇನು, 4 ಜಿಬಿ. ನನ್ನ ಮತ ಜಿಟಿಎಕ್ಸ್ 1650ಗೆ.

ಕುಡ್ಲ_ಗೇಮರ್
1050 ಟಿಐ ಅಂದಾಗ ನೆನಪಾಯ್ತು, ಇದನ್ನು ಬರೆಯದಿದ್ರೆ ನನಗೆ ಸಮಾಧಾನ ಇಲ್ಲ. ಮೂರು ವರ್ಷದ ಹಿಂದೆ ಆನ್‌ಲೈನಲ್ಲಿ ಒಬ್ಬರ ಹತ್ರ ಕಡಿಮೆಗೆ ಸಿಗ್ತದೆ ಅಂತ 1050 ಟಿಐ ತಗೊಂಡೆ, ಬಾಕ್ಸ್ ಸಹ ಚಂದ ಇತ್ತು, ವಿಂಡೋಸಲ್ಲಿ ಹೆಸರು ಸಹ 1050 ಟಿಐ ಅಂತಲೇ ತೋರಿಸ್ತಿತ್ತು. ಆದ್ರೆ ಗೇಮ್ ಓಡುದೇ ಇಲ್ಲ. ಕಡೆಗೆ ಒಬ್ಬರು ಜಿಪಿಯು-ಝಡ್ ಅಂತ ಕಾರ್ಡಿನ ವಿವರ ತೋರಿಸುವ ಸಾಫ್ಟ್‌ವೇರ್ ಹಾಕಿ ನೋಡಿ ಅಂದ್ರು, ಅದರಲ್ಲಿ ನಕಲಿ ಅಂತ ಬಂತು. ಒಳಗಿದ್ದದ್ದು ಹಳೇ 550 ಟಿಐ ಕಾರ್ಡು, 192 ಕೋರಿನದ್ದು, ಬಯಾಸ್ (ಒಳಗಿನ ಮೂಲ ಸಾಫ್ಟ್‌ವೇರ್) ಬದಲಾಯಿಸಿ ಹೆಸರು ಮಾತ್ರ ಹೊಸತು ಕೊಟ್ಟಿದ್ದು. ನಿಜವಾದ 1050 ಟಿಐಯಲ್ಲಿ 768 ಇರ್ಬೇಕು. ನಾಲ್ಕೂವರೆ ಸಾವಿರ ಹೋಯ್ತು, ಅಮ್ಮನ ಹತ್ರ ಹೇಳ್ಲಿಕ್ಕೆ ಸಹ ಆಗ್ಲಿಲ್ಲ ಆಗ. ಹಾಗಾಗಿ 1650 ತಗೊಳ್ಳುವಾಗ ಪೆನ್‌ಡ್ರೈವಲ್ಲಿ ಜಿಪಿಯು-ಝಡ್ ತಗೊಂಡು ಹೋಗಿ, 896 ಕೋರ್ ಇರ್ಬೇಕು, ನೋಡಿಯೇ ದುಡ್ಡು ಕೊಡಿ ಆಯ್ತಾ. ಕಾರ್ಡನ್ನು ಪೂರ್ತಿ ದುಡಿಸಿ ನೋಡುವ ಫರ್‌ಮಾರ್ಕ್ ಸಾಫ್ಟ್‌ವೇರ್ ಹಾಕಿ ಹತ್ತು ನಿಮಿಷ ಓಡಿಸ್ಲಿಕ್ಕೆ ಬಿಡದವರ ಹತ್ರ ತಗೊಳ್ಳುದೇ ಬೇಡ.

ಮೈಸೂರು_ಸಂಜೆ
ಮಧ್ಯದಲ್ಲಿ ಬರ್ತಿದೀನಿ, ಕ್ಷಮಿಸಿ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೇ ಸಪೋರ್ಟ್ ನಿಂತು ಹೋಗಿದೆ, ಇದರ ಬಗ್ಗೆ ಯಾರೂ ಮಾತಾಡ್ತಿಲ್ಲವಲ್ಲ? ವಿಂಡೋಸ್ 11ಗೆ ಇಂಟೆಲ್‌ದಾದ್ರೆ ಎಂಟನೇ ಜನರೇಶನ್ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು. ಅಡ್ಡದಾರಿಲಿ 11 ಹಾಕಬಹುದು ಅಂತಾರೆ, ಲೈನಕ್ಸ್ ಹಾಕು ಅಂತಾರೆ. ಯಾವುದು ಸರಿ?

ಮಲೆನಾಡ_ಮಳೆ
ಒಳ್ಳೆ ಪ್ರಶ್ನೆ. ಇವನು ವ್ಯಾಲರಂಟ್ ಆಡೋದ್ರಿಂದ ಉತ್ತರ ಸ್ವಲ್ಪ ಬೇರೆ. ವಿಂಡೋಸ್ 11ರಲ್ಲಿ ವ್ಯಾಲರಂಟಿಗೆ ಟಿಪಿಎಂ 2.0 (ಸೆಕ್ಯುರಿಟಿ ಚಿಪ್) ಮತ್ತೆ ಸೆಕ್ಯೂರ್ ಬೂಟ್ (ನಂಬಿಕಸ್ತ ಸಾಫ್ಟ್‌ವೇರಿಂದ ಮಾತ್ರ ಸಿಸ್ಟಮ್ ಶುರುವಾಗೋ ಸೆಟ್ಟಿಂಗ್) ಇರ್ಲೇಬೇಕು, ಈ ಬೋರ್ಡಲ್ಲಿ ಟಿಪಿಎಂ 2.0 ಇಲ್ಲ, ಹಾಗಾಗಿ ಅಡ್ಡದಾರಿಲಿ 11 ಹಾಕಿದ್ರೆ ಗೇಮ್ ಓಪನ್ನೇ ಆಗಲ್ಲ. ಅದೇ ಮಷಿನು ವಿಂಡೋಸ್ 10ರಲ್ಲಿ ಆದ್ರೆ ನಡೆಯತ್ತೆ. ಲೈನಕ್ಸಲ್ಲಿ ಸಿಎಸ್2 ಚೆನ್ನಾಗಿ ಓಡತ್ತೆ, ಆದ್ರೆ ವ್ಯಾಲರಂಟ್ ಇಲ್ವೇ ಇಲ್ಲ, ಜಿಟಿಎ ಆನ್‌ಲೈನೂ 2024ರ ಸೆಪ್ಟೆಂಬರಲ್ಲಿ ಮೋಸದಾಟ ತಡೆಯೋ ಬ್ಯಾಟಲ್‌ಐ ಸಾಫ್ಟ್‌ವೇರ್ ಬಂದ ಮೇಲೆ ಹೋಯ್ತು. ಮೇಲಾಗಿ ಅಪ್ಪಂಗೆ ನುಡಿ, ಪೇಜ್‌ಮೇಕರ್ ಬೇಕು. ಸದ್ಯಕ್ಕೆ ವಿಂಡೋಸ್ 10ರಲ್ಲೇ ಇದ್ದು, 2026ರ ಅಕ್ಟೋಬರ್ ತನಕ ಕೊಡೋ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟಿಗೆ ಸೇರ್ಕೊ, ಸೆಟ್ಟಿಂಗ್ಸ್ ಒಳಗೆ ಅಪ್‌ಡೇಟ್ ಪೇಜಲ್ಲೇ ಲಿಂಕ್ ಇದೆ. ಕ್ರ್ಯಾಕ್ ಗೇಮ್ ಒಂದೂ ಇಳಿಸ್ಬೇಡ ಮಾರಾಯ, ಗಿರಾಕಿಗಳ ಆಧಾರ್ ಕಾರ್ಡ್ ಸ್ಕ್ಯಾನ್ ಮಾಡೋ ಸಿಸ್ಟಮ್ ಅದು. ಬೇರೆಯವರ ಕಾಗದ ಪತ್ರ ನಮ್ಮ ಕೈಲಿದ್ದಾಗ ಜವಾಬ್ದಾರಿ ದೊಡ್ಡದು.

ದಾವಣಗೆರೆ_ಹುಡುಗ
ಆ ಮಾತು ತಲೇಲಿ ಇಟ್ಕೊಂಡಿದೀನಿ ಅಣ್ಣ. ಇಳಿಸಿದ್ದ ಒಂದೆರಡು ಅಂಥವು ಇದ್ವು, ತೆಗೆದ್ಹಾಕಿದೆ. ಶನಿವಾರ ಬೆಂಗಳೂರಿಗೆ ಹೋಗ್ತಿದೀನಿ, ಮಾವನ ಮನೆ ಐತೆ. ಅಲ್ಲಿ ಕಂಪ್ಯೂಟರ್ ಸಾಮಾನು ಮಾರೋ ಎಸ್‌ಪಿ ರೋಡಲ್ಲಿ ಹೆಂಗೆ, ಏನ್ ಮಾಡ್ಲಿ?

ರಾತ್ರಿ_ಪಾಳಿ
ಚಿಕ್ಕಪೇಟೆ ಮೆಟ್ರೋದಲ್ಲಿ ಇಳ್ಕೊ, ಅಲ್ಲಿಂದ ನಡ್ಕೊಂಡೇ ಹೋಗಬಹುದು. ಶನಿವಾರನೇ ಮುಗಿಸ್ಕೊ, ಭಾನುವಾರ ಸುಮಾರು ಅಂಗಡಿ ಮುಚ್ಚಿರತ್ತೆ. ಮೊದಲನೇ ಅಂಗಡಿಲೇ ತಗೋಬೇಡ, ರಸ್ತೆ ತುದಿ ತನಕ ಹೋಗಿ ನಾಲ್ಕು ಕಡೆ ರೇಟ್ ಕೇಳ್ಕೊಂಡು ಬಾ, ಒಂದೇ ಎಸ್‌ಎಂಪಿಎಸಿಗೆ ನಾನ್ನೂರು ಐನೂರು ವ್ಯತ್ಯಾಸ ಇರತ್ತೆ. ಮೇಲಿನ ಮಹಡಿ ಅಂಗಡಿಗಳಿಗೂ ಹೋಗು, ಸೆಕೆಂಡ್ ಹ್ಯಾಂಡ್ ಅಲ್ಲೇ ಜಾಸ್ತಿ. ಬಿಲ್ಲು ಕೇಳು, ಬಿಲ್ಲಿಲ್ದೆ ಕೊಟ್ರೆ ಕಮ್ಮಿ ಅಂತಾರೆ, ಎಸ್‌ಎಂಪಿಎಸ್ ಮತ್ತೆ ವಿಂಡೋಸ್ ಹಾಕೋಕೆ ತಗೊಳ್ಳೋ ಎಸ್‌ಎಸ್‌ಡಿಗಾದ್ರೂ (ಹಾರ್ಡ್ ಡಿಸ್ಕಿಗಿಂತ ವೇಗದ ಡಿಸ್ಕು) ಬಿಲ್ ಬೇಕೇ ಬೇಕು ವಾರಂಟಿಗೆ. ನಂಗೆ ಶನಿವಾರ ರಜ, ಹನ್ನೊಂದು ಗಂಟೆಗೆ ಬಾ, ನಾನೂ ಬರ್ತೀನಿ ಜೊತೆಗೆ.

ದಾವಣಗೆರೆ_ಹುಡುಗ
ಹೋಗಿ ಬಂದೆ. ಮೊದಲು ರಾತ್ರಿಪಾಳಿ ಅಣ್ಣಂಗೆ ದೊಡ್ಡ ನಮಸ್ಕಾರ, ನೈಟ್ ಶಿಫ್ಟ್ ಮುಗಿಸಿ ನಿದ್ದೆ ಬಿಟ್ಟು ಬಂದಿದ್ರು, ಮಧ್ಯಾಹ್ನ ಊಟಾನೂ ಅವರೇ ಕೊಡಿಸಿದ್ರು. ಎಸ್‌ಎಂಪಿಎಸ್ ಹೊಸದು 450 ವಾಟ್ ಬ್ರಾಂಜ್ 2,900, 480 ಜಿಬಿ ಸಾಟಾ ಎಸ್‌ಎಸ್‌ಡಿ 3,100, ಜಿಟಿಎಕ್ಸ್ 1650 ಸೆಕೆಂಡ್ ಹ್ಯಾಂಡ್ 6,200. ಮೂರು ಅಂಗಡಿಲಿ ಟೆಸ್ಟ್ ಮಾಡೋಕೆ ಬಿಡಲ್ಲ ಅಂದ್ರು, ನಾಲ್ಕನೇಯವ್ರು ತಾವೇ ಹಾಕಿ ತೋರಿಸಿದ್ರು, 896 ಕೋರ್ ಬಂತು, ಫರ್‌ಮಾರ್ಕಲ್ಲಿ 71 ಡಿಗ್ರಿಗೆ ನಿಂತ್ಕೊಂತು.

ಈಗ ಕಷ್ಟ. ಮನೇಲಿ ಎಲ್ಲಾ ಹಾಕಿದೆ, ಫ್ಯಾನ್ ತಿರುಗತ್ತೆ, ವಿಂಡೋಸ್ ಶುರುವಾಗೋ ಸೌಂಡೂ ಬರತ್ತೆ, ಆದ್ರೆ ಮಾನಿಟರಲ್ಲಿ ಏನೂ ಇಲ್ಲ. ಹಳೇ ವಿಜಿಎ ಕೇಬಲ್ ಬೋರ್ಡಿಗೇ ಹಾಕಿದೀನಿ, ಕಾರ್ಡಲ್ಲಿ ಆ ನೀಲಿ ಪೋರ್ಟೇ ಇಲ್ಲ. ಸೋಮವಾರ ಬೆಳಿಗ್ಗೆ ಅಪ್ಪಂಗೆ ಸಿಸ್ಟಮ್ ಬೇಕು.

ಹುಬ್ಬಳ್ಳಿ_ರಿಪೇರಿ
ಹೆದರಬ್ಯಾಡ, ಏನೂ ಕೆಟ್ಟಿಲ್ಲ. ಕಾರ್ಡ್ ಹಾಕಿದ ಕೂಡ್ಲೇ ಬೋರ್ಡಿನ ಡಿಸ್‌ಪ್ಲೇ ಬಂದ್ ಆಗ್ತದ. ಕೇಬಲ್ ಕಾರ್ಡಿಗೇ ಹೋಗಬೇಕು. ಹೊಸ ಕಾರ್ಡಿನಾಗ ವಿಜಿಎ ಸಿಗ್ನಲ್ಲ ಇರಂಗಿಲ್ಲ, ಡಿವಿಐ ಇದ್ರೂ ಅದು ಡಿಜಿಟಲ್ ಅಷ್ಟ, ಐವತ್ತು ರೂಪಾಯಿದು ಸಾದಾ ಪಿನ್ ಹಚ್ಚಿದ್ರ ಬರಂಗಿಲ್ಲ. ಎಚ್‌ಡಿಎಂಐ ಇಂದ ವಿಜಿಎ ಮಾಡೋ ಅಡಾಪ್ಟರ್ ಬೇಕು, ಒಳಗ ಚಿಪ್ ಇರ್ತದ, ಮುನ್ನೂರು ನಾನ್ನೂರಕ್ಕ ಯಾವ ಮೊಬೈಲ್ ಅಂಗಡಿಯಾಗಾದ್ರೂ ಸಿಗ್ತದ. ಅಲ್ಲೀತನಕ ಕಾರ್ಡ್ ತಗದು ಮೊದಲಿನಂಗ ಹಚ್ಚಿ ಅಪ್ಪಾರಿಗೆ ಕೊಡು.

ಎಸ್‌ಎಸ್‌ಡಿ ಹಚ್ಚೋ ಮುಂದ ಬೋರ್ಡಿನ ಮ್ಯಾಲೆ ಸಾಟಾ 6ಜಿ ಅಂತ ಬರದಿರೋ ಪೋರ್ಟಿಗೇ ಹಚ್ಚು, ಎಚ್81ನಾಗ ಅಂಥವು ಎರಡ ಇರ್ತಾವ, ಉಳಿದವು 3ಜಿ. ವಿಂಡೋಸ್ ಹೊಸದಾಗಿ ಎಸ್‌ಎಸ್‌ಡಿಗೆ ಹಾಕು, ಹಾಕೋ ಮುಂದ ಹಳೇ ಹಾರ್ಡ್ ಡಿಸ್ಕಿನ ಕೇಬಲ್ ಕಿತ್ತಿಡು, ತಪ್ಪಿ ಅದನ್ನ ಫಾರ್ಮ್ಯಾಟ್ ಮಾಡಿದ್ರ ಹನ್ನೊಂದು ವರ್ಷದ ಕೆಲಸ ಹೋಗ್ತದ.

ದಾವಣಗೆರೆ_ಹುಡುಗ
ಅಡಾಪ್ಟರ್ 350ಕ್ಕೆ ಸಿಕ್ತು, ಡಿಸ್‌ಪ್ಲೇ ಬಂತು! ಎಸ್‌ಎಸ್‌ಡಿಗೂ ವಿಂಡೋಸ್ ಹಾಕಿದೆ, ನುಡಿ, ಪೇಜ್‌ಮೇಕರ್, ಪ್ರಿಂಟರ್ ಡ್ರೈವರ್ ಎಲ್ಲಾ ಕೂತ್ವು. ಬೂಟ್ ಆಗೋಕೆ ಮೂರು ನಿಮಿಷ ಬೇಕಿತ್ತು, ಈಗ 20 ಸೆಕೆಂಡು. ವ್ಯಾಲರಂಟ್ 120ರ ಮೇಲೆ. ಜಿಟಿಎ ಹೈ ಇಟ್ರೂ 70 ತೋರಿಸತ್ತೆ ಆದ್ರೆ ಊರೊಳಗೆ ಜೋರಾಗಿ ಕಾರ್ ಓಡ್ಸಿದ್ರೆ ಅರ್ಧ ಸೆಕೆಂಡ್ ನಿಂತು ನಿಂತು ಹೋಗತ್ತೆ. ಆಫ್ಟರ್‌ಬರ್ನರ್ ಸಾಫ್ಟ್‌ವೇರಲ್ಲಿ ನೋಡಿದ್ರೆ ಕಾರ್ಡ್ 55 ಪರ್ಸೆಂಟು ದುಡೀತೈತೆ, ಪ್ರೊಸೆಸರ್ 100. ಮಲೆನಾಡಣ್ಣ ಹೇಳಿದ್ದೇ ಆಯ್ತು. ಖರ್ಚು ಇಲ್ಲಿ ತನಕ 13,520.

ಮಲೆನಾಡ_ಮಳೆ
ಅದಕ್ಕೆ ಮೊದಲು ದುಡ್ಡಿಲ್ಲದ ಔಷಧಿ. ಫ್ರೇಮ್ 60ಕ್ಕೆ ಲಾಕ್ ಮಾಡು, ನಿನ್ನ ಮಾನಿಟರ್ 60 ಹರ್ಟ್ಸೇ, ಅದಕ್ಕಿಂತ ಜಾಸ್ತಿ ಪ್ರೊಸೆಸರ್ ದುಡಿದಿದ್ದು ನಿನ್ನ ಕಣ್ಣಿಗೆ ಕಾಣಲ್ಲ, ಅದಕ್ಕೆ ಉಸಿರಾಡೋಕೆ ಜಾಗ ಬಿಡು. ಜಿಟಿಎಲಿ ಪಾಪ್ಯುಲೇಶನ್ ಡೆನ್ಸಿಟಿ ಅರ್ಧಕ್ಕಿಳಿಸು, ಎಕ್ಸ್‌ಟೆಂಡೆಡ್ ಡಿಸ್ಟೆನ್ಸ್ ಪೂರ್ತಿ ತೆಗಿ, ಇವು ಪ್ರೊಸೆಸರ್ ತಿನ್ನೋವು. ಟೆಕ್ಸ್‌ಚರ್ ಹಾಗೇ ಇರ್ಲಿ, ಅದು ಕಾರ್ಡಿಂದು. ಆಮೇಲೆ ದುಡ್ಡಾದಾಗ ನಾಲ್ಕನೇ ಜನರೇಶನ್ನಿನ ಐ7 ಹುಡುಕು, ಇದೇ ಸಾಕೆಟ್ಟಿಗೆ ಕೂರತ್ತೆ, ನಾಲ್ಕು ಕೋರ್ ಎಂಟು ಥ್ರೆಡ್, ಆಗ ಈ ನಿಂತು ಹೋಗೋದು ಹೋಗತ್ತೆ.

ದಾವಣಗೆರೆ_ಹುಡುಗ
ಒಂದೂವರೆ ತಿಂಗಳಾಯ್ತು, ಮತ್ತೆ ಬಂದೆ. 60ಕ್ಕೆ ಲಾಕ್ ಮಾಡಿ ಸುಮಾರು ಸರಿ ಹೋಗಿತ್ತು. ಈಗ ಐ7-4790 3,800ಕ್ಕೆ ಸಿಕ್ತು ಅಂತ ತಂದೆ, ಹಾಕಿದ್ರೆ ಫ್ಯಾನ್ ತಿರುಗತ್ತೆ, ಡಿಸ್‌ಪ್ಲೇ ಇಲ್ಲ, ಬೀಪೂ ಇಲ್ಲ. ಹಳೇ ಐ5 ಹಾಕಿದ್ರೆ ಬರತ್ತೆ. ಪ್ರೊಸೆಸರ್ ಸತ್ತೋಗಿದ್ಯಾ ಅಣ್ಣ?

ಹುಬ್ಬಳ್ಳಿ_ರಿಪೇರಿ
ಸತ್ತಿಲ್ಲ ಅಂತ ನನಗ ಅನಸ್ತದ, ಇದನ್ನ ನಾನ ಮೊದ್ಲ ಹೇಳಬೇಕಿತ್ತು, ತಪ್ಪು ನಂದು. 4790 ಬಂದಿದ್ದು 2014ರ ಮಧ್ಯದಾಗ, ನಿನ್ನ ಬೋರ್ಡು ಜನವರಿದು, ಅದರ ಬಯಾಸಿಗೆ ಈ ಪ್ರೊಸೆಸರಿನ ಗುರುತ ಇಲ್ಲ. 4770 ಆಗಿದ್ರ ಹಂಗ ಎದ್ದು ಕುಂದ್ರತಿತ್ತು. ಐ5 ವಾಪಸ್ ಹಾಕಿ, ಬೋರ್ಡಿನ ಕಂಪನಿ ಸೈಟಿನಿಂದ ನಿನ್ನ ಮಾಡೆಲ್ಲು, ರಿವಿಜನ್ ನಂಬರ್ ಎರಡೂ ಹೊಂದೋ ಕಡೀ ಬಯಾಸ್ ಇಳಿಸ್ಕೊಂಡು ಪೆನ್‌ಡ್ರೈವಿಗೆ ಹಾಕು, ಬಯಾಸ್ ಒಳಗಿಂದನ ಅಪ್‌ಡೇಟ್ ಮಾಡು. ಯುಪಿಎಸ್ ಇಲ್ಲದ ಮಾಡಬ್ಯಾಡ. ನಡುವ ಕರೆಂಟ್ ಹೋತಂದ್ರ ಬೋರ್ಡ್ ಏಳಂಗಿಲ್ಲ, ಆಮ್ಯಾಲೆ ಚಿಪ್ ತಗದು ಪ್ರೋಗ್ರಾಮರಿಗೆ ಹಚ್ಚಬೇಕಾಗ್ತದ. ಅಂಗಡಿ ಯುಪಿಎಸ್ ಬ್ಯಾಟರಿ ಹದಿನೈದು ನಿಮಿಷ ನಿಲ್ತದೇನು ಮೊದ್ಲ ಪ್ಲಗ್ ತಗದು ನೋಡ್ಕೋ.

ದಾವಣಗೆರೆ_ಹುಡುಗ
ಯುಪಿಎಸ್ ನಾಲ್ಕೇ ನಿಮಿಷಕ್ಕೆ ಕುಂಯ್ ಅಂತು ಅಣ್ಣ. ಪಕ್ಕದ ಸೈಬರ್ ಸೆಂಟರವ್ರ ಇನ್ವರ್ಟರ್ ಲೈನಿಗೆ ಹಾಕಿ ಮಾಡಿದೆ, ಆ ಮೂರು ನಿಮಿಷ ಕೈ ನಡುಗ್ತಿತ್ತು. ಆಯ್ತು. ಐ7 ಎದ್ದಿದೆ. ಸಿಎಸ್2ರಲ್ಲಿ ಸ್ಮೋಕ್ ಬಿದ್ದಾಗ 45ಕ್ಕೆ ಇಳೀತಿತ್ತು, ಈಗ 80ರ ಕೆಳಗೆ ಹೋಗಲ್ಲ. ಜಿಟಿಎ 60ರಲ್ಲಿ ಲಾಕ್, ಊರೊಳಗೆ ಎಷ್ಟು ಜೋರಾಗಿ ಹೋದ್ರೂ ನಿಲ್ಲಲ್ಲ. ಒಟ್ಟು 17,320 ಆಯ್ತು, ಅಂದ್ಕೊಂಡಿದ್ದಕ್ಕಿಂತ 2,320 ಜಾಸ್ತಿ, ಅದಕ್ಕೆ ಐ5ನ 1,200ಕ್ಕೆ ಕೊಟ್ಟೆ.

ಹುಬ್ಬಳ್ಳಿ_ರಿಪೇರಿ
ಭಾಳ ಸಂತೋಷ ಆತು ತಮ್ಮಾ. ಆ ಸಾವಿರದ ಇನ್ನೂರಕ್ಕ ಯುಪಿಎಸ್ ಬ್ಯಾಟರಿ ಬದಲಾಯಿಸು, ನಾಲ್ಕು ನಿಮಿಷ ಸಾಲಂಗಿಲ್ಲ, ಅಪ್ಪಾರು ಪತ್ರಿಕೆ ಸೇವ್ ಮಾಡೋಕಾದ್ರೂ ಬೇಕು. 12 ವೋಲ್ಟ್ 7 ಎಎಚ್ ಅಂತ ಕೇಳು, ಹಳೇದು ಕೊಟ್ರ ಸ್ವಲ್ಪ ಕಡಿಮಿ ಮಾಡ್ಕೋತಾರ.

ದಾವಣಗೆರೆ_ಹುಡುಗ
ನಾಳೆನೇ ಹಾಕಿಸ್ತೀನಿ ಅಣ್ಣ. ಅಪ್ಪ ನಿನ್ನೆ ರಾತ್ರಿ ನಾನು ಆಡುವಾಗ ಪಕ್ಕದಲ್ಲಿ ಕೂತ್ಕೊಂಡು ನೋಡಿದ್ರು, ಸ್ವಲ್ಪ ಹೊತ್ತಾದ ಮೇಲೆ ಆ ಕಾರ್ ನಾನೊಂದ್ಸಲ ಓಡಿಸ್ಲಾ ಅಂದ್ರು.